ಬೆಳಗ್ಗೆ ಗಿರಿ, ನಡುಹಗಲು ಗುಡಿ, ಇಳಿಹೊತ್ತಿಗೆ ಗೋಡೆ

ಬೇಸಿಗೆ ರಜೆಯಲ್ಲಿ ಚಿಕ್ಕಮಗಳೂರು, ಹಾಸನದ ಕಡೆ ಹೊರಟವರು ಮೊದಲು ಕೇಳುವುದು ‘ಏನೇನು ನೋಡಬಹುದು?’ ಎಂದು. ‘ಯಾವುದನ್ನು ಎಷ್ಟು ಹೊತ್ತಿಗೆ ನೋಡಬೇಕು?’ ಎಂದು ಕೇಳಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಏಪ್ರಿಲ್‌ನಲ್ಲಿ ಅದೇ ಮುಳ್ಳಯ್ಯನಗಿರಿ ಬೆಳಗ್ಗೆ ಏಳಕ್ಕೆ ಸ್ವೆಟರ್ ಕೇಳುತ್ತದೆ, ಹನ್ನೊಂದೂವರೆಗೆ ನೆತ್ತಿ ಸುಡುತ್ತದೆ, ಮಧ್ಯಾಹ್ನ ಮೂರರ ಮೇಲೆ ಸಿಡಿಲಿಗೆ ತೆರೆದಿಟ್ಟ ಜಾಗವಾಗುತ್ತದೆ. ಗುಡಿಗಳದ್ದೂ ಇದೇ ಕಥೆ. ಹಳೇಬೀಡಿನ ಗೋಡೆಯನ್ನು ಬೆಳಗ್ಗೆ ಹತ್ತಕ್ಕೆ ನೋಡಿ ‘ಇಷ್ಟೇನಾ’ ಅಂದುಕೊಂಡು ವಾಪಸ್ ಹೋದವರು ಬಹಳ ಜನ. ತಪ್ಪು ಗೋಡೆಯದ್ದಲ್ಲ, ಹೋದ ಹೊತ್ತಿನದು.

ಮೊದಲು ಗಿರಿಯ ವಿಷಯ. ಚಂದ್ರದ್ರೋಣ ಪರ್ವತದ ಸಾಲು ಹೆಸರಿಗೆ ತಕ್ಕಂತೆ ಬಾಗಿದ ಚಂದ್ರನ ಆಕಾರದಲ್ಲಿದೆ. ಅದರ ನೆತ್ತಿ ಮುಳ್ಳಯ್ಯನಗಿರಿ, ಸುಮಾರು 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ಚಿಕ್ಕಮಗಳೂರು ಪೇಟೆಯೇ ಸುಮಾರು 1090 ಮೀಟರ್ ಎತ್ತರದಲ್ಲಿರುವುದರಿಂದ ಕೆಳಗಿಗಿಂತ ಮೇಲೆ ಐದು ಡಿಗ್ರಿಯಷ್ಟು ಮಾತ್ರ ತಂಪು. ಆದರೆ ಗಾಳಿ ಬೀಸುತ್ತಲೇ ಇರುತ್ತದೆ, ಬೆವರು ಬಂದದ್ದು ಬಂದ ಹಾಗೇ ಆರಿಹೋಗುತ್ತದೆ, ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಕೆಳಗಿಳಿದ ಮೇಲೆ ಬರುವ ತಲೆನೋವನ್ನು ಘಾಟಿಯ ತಿರುವಿನ ಮೇಲೆ ಹಾಕುವವರಿದ್ದಾರೆ. ನಿಜವಾದ ಕಾರಣ ಹೆಚ್ಚಾಗಿ ನೀರು ಕುಡಿಯದಿರುವುದು. ತಲೆಗೆ ಎರಡು ಲೀಟರ್ ನೀರು ಪೇಟೆಯಿಂದಲೇ ಹೊತ್ತು ಹೋಗಬೇಕು. ಮೇಲೆ ಮರದ ನೆರಳಿಲ್ಲ, ಬರೀ ಹುಲ್ಲುಬೆಟ್ಟ. ಶೋಲ ಕಾಡು ಇರುವುದು ಗುಡ್ಡದ ಮಡಿಕೆಗಳಲ್ಲಿ, ದಾರಿಯಿಂದ ದೂರ.

ದಾರಿ ಕೈಮರದ ಚೆಕ್‌ಪೋಸ್ಟ್ ಮೂಲಕ. ಈಗ ಗಿರಿ ಭಾಗಕ್ಕೆ ಹೋಗುವ ವಾಹನಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸುವ ಪದ್ಧತಿ ಬಂದಿದೆ, ಬೆಳಗಿನದೊಂದು ಸರದಿ, ಮಧ್ಯಾಹ್ನದ್ದೊಂದು. ಬೇಸಿಗೆಯಲ್ಲಿ ಕಣ್ಣು ಮುಚ್ಚಿ ಬೆಳಗಿನದನ್ನೇ ತೆಗೆದುಕೊಳ್ಳಿ. ಹೊರಡುವ ಹಿಂದಿನ ಸಂಜೆಯೇ ಮಾಡಿ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಗೇಟಿನ ಎದುರು ನಿಂತು ಸಿಗ್ನಲ್ ಹುಡುಕುವುದು ಹಿಂದಿನ ಸಾಲಿಗೆಲ್ಲ ಶಿಕ್ಷೆ. ಕೈಮರ ದಾಟಿದ ಮೇಲೆ ಎಡಕ್ಕೆ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ. ನೇರ ಹೋದರೆ ಕವಿಕಲ್ ಗಂಡಿ, ಅತ್ತಿಗುಂಡಿ, ಬಾಬಾಬುಡನ್‌ಗಿರಿ. ಸೀತಾಳಯ್ಯನಗಿರಿಯಿಂದ ಮುಂದಿನ ದಾರಿ ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕಾದಷ್ಟು ಕಿರಿದು. ರಜೆ ದಿನ ಕಾರನ್ನು ಇಲ್ಲೇ ತಡೆದು ಜೀಪಿನಲ್ಲಿ ಕಳಿಸುವುದೂ ಉಂಟು. ತಡೆದರೆ ಜಗಳಕ್ಕೆ ನಿಲ್ಲದೆ ಜೀಪು ಹತ್ತಿ. ರಸ್ತೆ ಮುಗಿದಲ್ಲಿಂದ ಮೇಲಿನ ಗದ್ದಿಗೆಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ನಡೆಯುವ ಹುಮ್ಮಸ್ಸಿದ್ದವರಿಗೆ ಕೆಳಗಿನಿಂದ ಸರ್ಪದಾರಿ ಇದೆ. ಹೆಸರೇ ಹೇಳುವ ಹಾಗೆ ಸುತ್ತಿ ಸುತ್ತಿ ಏರುವ ಕಾಲುಹಾದಿ; ಏಳು ಗಂಟೆಗೆ ಮುಂಚೆ ಕಾಲಿಡದಿದ್ದರೆ ಬೇಸಿಗೆಯಲ್ಲಿ ಅದನ್ನು ಬಿಟ್ಟುಬಿಡುವುದೇ ಲೇಸು. ಒಣಹುಲ್ಲಿನ ಮೇಲೆ ಬೂಟು ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಸವೆದ ಅಟ್ಟೆಯ ಶೂ ಹಾಕಿ ಬಂದವರಿಗೆ ಆಗ ಅರಿವಾಗುತ್ತದೆ.

ಗಿರಿಯಲ್ಲಿ ಹತ್ತೂವರೆಯ ಮೇಲೆ ನಿಲ್ಲಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಕಾದ ನೆಲದ ಗಾಳಿ ಮೇಲೇರುತ್ತದೆ, ಕರಾವಳಿ ಕಡೆಯ ತೇವದ ಗಾಳಿ ಇದೇ ಬೆಟ್ಟದ ಸಾಲಿಗೆ ಒರಗಿ ಮೇಲಕ್ಕೆ ಹೋಗುತ್ತದೆ, ಎರಡೂ ಸೇರಿ ಮಧ್ಯಾಹ್ನದ ಹೊತ್ತಿಗೆ ಹೂಕೋಸಿನಂಥ ಬಿಳಿ ಮೋಡ ಕಟ್ಟುತ್ತದೆ. ಅದರ ಬುಡ ಕಪ್ಪಾಗತೊಡಗಿದರೆ ಇನ್ನು ಗುಡುಗು, ಕೆಲವೊಮ್ಮೆ ಆಲಿಕಲ್ಲು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಕೇಳಿದರೆ ಬೆಟ್ಟದ ಬೆನ್ನಿನ ಮೇಲಿಂದ ಇಳಿದು ಕಾರಿನೊಳಗೆ ಕೂರಬೇಕು. ಒಂಟಿಮರದ ಬುಡ, ಕಬ್ಬಿಣದ ಬೇಲಿ, ಟವರು, ಇವು ಆಶ್ರಯವಲ್ಲ.

ಬಾಬಾಬುಡನ್‌ಗಿರಿ, ಅಂದರೆ ದತ್ತಪೀಠದ ಗುಹೆ, ಅಲ್ಲಿಂದ ಮಾಣಿಕ್ಯಧಾರಾ, ಇವೆರಡನ್ನೂ ಅದೇ ಬೆಳಗಿನಲ್ಲಿ ಸೇರಿಸಿಕೊಳ್ಳಲು ಆಗುತ್ತದೆ, ಆದರೆ ಆಗ ಮಧ್ಯಾಹ್ನದ ಬೇಲೂರು ಕೈಬಿಡಬೇಕು. ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುವ ಬಾಬಾಬುಡನ್ ಅವರ ಹೆಸರೇ ಈ ಗಿರಿಗೆ. ಮಾರ್ಚ್‌ನ ಉರುಸಿನ ದಿನಗಳಲ್ಲಿ ದಾರಿ ತುಂಬಿರುತ್ತದೆ, ವಿಚಾರಿಸಿಕೊಂಡೇ ಹೊರಡಿ. ಝರಿ, ಹೆಬ್ಬೆ, ಹೊನ್ನಮ್ಮನ ಹಳ್ಳ, ಈ ಜಲಪಾತಗಳ ಹೆಸರನ್ನು ಪಟ್ಟಿಯಿಂದ ಧೈರ್ಯವಾಗಿ ಹೊಡೆದುಹಾಕಿ. ಏಪ್ರಿಲ್‌ನಲ್ಲಿ ಅಲ್ಲಿ ಜೀಪಿನ ಬಾಡಿಗೆ ಪೂರ್ತಿ, ನೀರು ಕಾಲು ಭಾಗ.

ಇಳಿಯುವ ದಾರಿಯಲ್ಲೇ ಹೆಚ್ಚು ಗಾಡಿಗಳು ಕೈಕೊಡುವುದು. ಬಯಲುಸೀಮೆಯಲ್ಲಿ ಓಡಿಸಿದವರು ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುತ್ತಾರೆ. ಪ್ಯಾಡು ಕಾಯುತ್ತದೆ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದು ಹೀರಿಕೊಂಡ ತೇವ ಕುದಿದು ಗುಳ್ಳೆಯಾಗುತ್ತದೆ, ಪೆಡಲು ಮೆತ್ತಗಾಗಿ ಒಳಗಿಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು ಇಲ್ಲಿನ ಡ್ರೈವರ್‌ಗಳ ಹಳೆಯ ಲೆಕ್ಕ: ಎರಡನೇ ಗೇರು, ಕಡಿದಾದ ತಿರುವಿಗೆ ಮೊದಲನೆಯದು, ಬ್ರೇಕು ಒಮ್ಮೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡುವುದು. ಸುಟ್ಟ ವಾಸನೆ ಬಂದರೆ ಅಗಲವಾದ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ. ಚಕ್ರಕ್ಕೆ ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯುವುದಕ್ಕಿಂತ ಗೇರಿಗೆ ಹಾಕಿ ಚಕ್ರಕ್ಕೊಂದು ಕಲ್ಲು ಕೊಡಿ. ಬಾಡಿಗೆ ಸ್ಕೂಟರ್‌ನವರು ಇನ್ನೂ ಹುಷಾರಾಗಿರಬೇಕು. ಗೇರಿಲ್ಲದ ಗಾಡಿಗೆ ನಿಧಾನ ವೇಗದಲ್ಲಿ ಇಂಜಿನ್ ಹಿಡಿತವೇ ಇರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಇಬ್ಬರು ಕೂತು ಒಂದೇ ಉಸಿರಿಗೆ ಕೈಮರದವರೆಗೆ ಇಳಿಸಬೇಡಿ, ಮಧ್ಯೆ ಎರಡು ಕಡೆ ನಿಲ್ಲಿಸಿ. ಹತ್ತುವ ಗಾಡಿಗೆ ದಾರಿ ಬಿಡುವುದು ನಿಯಮ. ಬೆಟ್ಟದ ರಸ್ತೆಯಲ್ಲಿ ಅದು ಬರೀ ಸೌಜನ್ಯವಲ್ಲ, ಏರಿನಲ್ಲಿ ನಿಂತ ಗಾಡಿ ಮತ್ತೆ ಎದ್ದೇಳುವಾಗ ಕ್ಲಚ್ ಪ್ಲೇಟ್ ಸುಡುತ್ತದೆ.

ಹೊತ್ತು ಹನ್ನೆರಡು. ಈಗ ಬೇಲೂರು, ಚಿಕ್ಕಮಗಳೂರಿನಿಂದ ಸುಮಾರು 25 ಕಿಲೋಮೀಟರ್. ಊಟ ಮುಗಿಸಿಯೇ ಚೆನ್ನಕೇಶವನ ಗುಡಿಯೊಳಗೆ ಹೋಗಿ. ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ದರ್ಶನ ಬೇಕಾದವರು ಅದನ್ನು ನೋಡಿಕೊಳ್ಳಬೇಕು. ದೊಡ್ಡ ತೊಡಕು ಅಂಗಳದ್ದು. ಚಪ್ಪಲಿ ಹೊರಗೆ ಬಿಟ್ಟ ಮೇಲೆ ಕಲ್ಲುಹಾಸಿನ ಮೇಲೆ ಬರಿಗಾಲು, ಏಪ್ರಿಲ್ ಮಧ್ಯಾಹ್ನ ಅದು ಕಾದ ಕಾವಲಿ. ದಪ್ಪ ಹತ್ತಿಯ ಕಾಲುಚೀಲ ಒಂದು ಜೊತೆ ಚೀಲದಲ್ಲಿರಲಿ, ಮಕ್ಕಳಿಗಂತೂ ಬೇಕೇಬೇಕು. ಅಂಗಳದಲ್ಲಿ ಸುತ್ತುವುದನ್ನು ಆಮೇಲೆ ಮಾಡಿ, ನೇರ ನವರಂಗದೊಳಗೆ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ, ಹೋಗಿ ಕೂತುಬಿಡಿ.

ಒಳಗೆ ಮೊದಲು ಏನೂ ಕಾಣುವುದಿಲ್ಲ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಹತ್ತು ನಿಮಿಷ ಕೊಡಿ. ಟಾರ್ಚ್ ಹಾಕಿದರೆ ಆ ಹತ್ತು ನಿಮಿಷ ಮತ್ತೆ ಮೊದಲಿನಿಂದ. ನಿಧಾನಕ್ಕೆ ತಿರುಗಣೆಯಲ್ಲಿ ತಿರುಗಿಸಿದಂಥ ಕಂಬಗಳ ಉಂಗುರ ಉಂಗುರವಾದ ಮೈ ಹೊಳೆಯಲು ಶುರುವಾಗುತ್ತದೆ, ಆಮೇಲೆ ನಡುವಿನ ಛಾವಣಿಯಲ್ಲಿ ಭುವನೇಶ್ವರಿ ಎನ್ನುವ ಕೆತ್ತನೆ, ಆಮೇಲೆ ಕಂಬದ ತಲೆಯ ಮೂಲೆಗಳಲ್ಲಿ ನಿಂತ ಮದನಿಕೆಯರು. ಹೊರಗಿನ 38 ಎಲ್ಲರಿಗೂ ಕಾಣುತ್ತವೆ. ಒಳಗಿನ ನಾಲ್ಕನ್ನು ನೋಡದೆ ಹೋಗುವವರೇ ಹೆಚ್ಚು. ತಂಪಾಗಿರುವುದಕ್ಕೆ ದಪ್ಪ ಗೋಡೆಯ ಜೊತೆ ಕಲ್ಲಿನ ಜಾಲಂಧ್ರಗಳೂ ಕಾರಣ. ಹೊಯ್ಸಳ ರಾಜ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದಾಗ ಈ ಮಂಟಪ ತೆರೆದೇ ಇತ್ತು, ಜಾಲಂಧ್ರ ಬಂದದ್ದು ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ. ಸಣ್ಣ ತೂತುಗಳಿಂದ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಒಂದಕ್ಕೆ ಕೈ ಒಡ್ಡಿ ನೋಡಿ, ಬೆರಳಿಗೆ ಗಾಳಿ ತಾಕುತ್ತದೆ. ಹೊರಗಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳ ಹೆಸರುಗಳಿವೆ. ಇಷ್ಟು ಹಳೆಯ ಗುಡಿಯಲ್ಲಿ ಕೆತ್ತಿದವನ ಸಹಿ ಸಿಗುವುದು ಅಪರೂಪ. ಚೈತ್ರದ ರಥೋತ್ಸವದ ದಿನಗಳಲ್ಲಾದರೆ ಈ ನಿರಾಳ ಸಿಗದು.

ಎರಡೂವರೆಗೆ ಬೇಲೂರು ಬಿಟ್ಟರೆ 16 ಕಿಲೋಮೀಟರ್ ಹಳೇಬೀಡಿಗೆ ಮೂರು, ಮೂರೂಕಾಲು. ಬೇಕೆಂದೇ ತಡ. ಹೊಯ್ಸಳೇಶ್ವರ ಪೂರ್ವಕ್ಕೆ ಮುಖ ಮಾಡಿದ ಜೋಡಿ ಗುಡಿ, ಅದರ ಅತಿ ಸೊಗಸಾದ ಕೆತ್ತನೆಯೆಲ್ಲ ಹಿಂಬದಿಯ ಪಶ್ಚಿಮದ ಗೋಡೆಯಲ್ಲಿದೆ. ಬೆಳಗ್ಗೆ ಆ ಗೋಡೆ ತನ್ನದೇ ನೆರಳಿನಲ್ಲಿ ಮಂಕಾಗಿರುತ್ತದೆ. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಮೇಲಿನ ಚಾಚಿನ ನೆರಳು ಅರ್ಧ ಗೋಡೆಗೆ ಬೀಳುತ್ತದೆ. ಮೂರೂವರೆಯಿಂದ ಐದೂವರೆಯವರೆಗೆ ಬಿಸಿಲು ಓರೆಯಾಗಿ ಬಂದು ಒಂದೊಂದು ಆಭರಣದ ಮಣಿಯ ಹಿಂದೆಯೂ ಒಂದು ಗೆರೆ ನೆರಳು ಹಾಕುತ್ತದೆ. ಶಿಲ್ಪಿ ಅಷ್ಟು ಆಳಕ್ಕೆ ಯಾಕೆ ಕೊರೆದ ಎನ್ನುವುದು ಆಗ ತಿಳಿಯುತ್ತದೆ. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ, ಆಭರಣದ ಕೊಂಡಿಯಷ್ಟು ಸಣ್ಣ ಕೆಲಸ ಕಲ್ಲಿನಲ್ಲಿ ಸಾಧ್ಯವಾದದ್ದು ಅದರಿಂದ.

ನೋಡುವ ಕ್ರಮ ಕೆಳಗಿನಿಂದ. ನೆಲದ ಹತ್ತಿರ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಒಂದು ಆನೆಯಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುತ್ತಾರೆ. ನಂಬಬೇಡಿ, ಹತ್ತು ಆನೆ ಎಣಿಸಿ ಸೊಂಡಿಲು ನೋಡಿ. ಒಂದು ಮುಂದಿನದರ ಬಾಲ ಹಿಡಿದಿರುತ್ತದೆ, ಒಂದು ಏನನ್ನೋ ಕೆಳಗೆ ಹಾಕಿ ತುಳಿಯುತ್ತಿರುತ್ತದೆ. ಎಲ್ಲ ಸಾಲನ್ನೂ ಒಟ್ಟಿಗೆ ನೋಡಲು ಹೋದರೆ ಕಣ್ಣು ಸೋಲುತ್ತದೆ. ಪುರಾಣದ ಒಂದೇ ಪಟ್ಟಿಯನ್ನು ಹಿಡಿದು ಬಲಕ್ಕೆ ಹಾಕಿಕೊಂಡು ಪ್ರದಕ್ಷಿಣೆ ಬನ್ನಿ, ಒಂದು ಗಂಟೆ ಸಾಕಾಗುವುದಿಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರನ ದಂಡು ಬಂದದ್ದು ಇಲ್ಲಿಗೇ, ಆಗಿನ ಹೆಸರಿನ ದೋರಸಮುದ್ರಕ್ಕೆ. ಆವರಣದ ಮ್ಯೂಸಿಯಂ ಶುಕ್ರವಾರ ರಜೆ. ಅರ್ಧ ಕಿಲೋಮೀಟರ್ ಆಚೆ ಬಸ್ತಿಹಳ್ಳಿಯ ಜೈನ ಬಸದಿಗಳಲ್ಲಿ ಕಂಬಗಳು ಕನ್ನಡಿಯಂತೆ ನುಣುಪು, ಜನವಂತೂ ಇಲ್ಲವೇ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಎರಡೂ ಕಡೆ ಶನಿವಾರ, ಭಾನುವಾರದ ಸಾಲು ಉದ್ದವಾಗಿದೆ. ಸದ್ದು ಬೇಡ ಎನ್ನುವವರಿಗೆ ಬೆಳವಾಡಿ ಇದೆ, ಹಳೇಬೀಡಿನಿಂದ ಹತ್ತು ಹನ್ನೆರಡು ಕಿಲೋಮೀಟರ್, ಚಿಕ್ಕಮಗಳೂರು–ಜಾವಗಲ್ ದಾರಿಯಲ್ಲೇ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಮೂರು ಗರ್ಭಗುಡಿ. ಹೊರಗೋಡೆಯಲ್ಲಿ ಹಳೇಬೀಡಿನ ಗಿಜಿಗಿಜಿ ಇಲ್ಲ, ಆದರೆ ವೇಣುಗೋಪಾಲನ ಮೂರ್ತಿಯ ಎದುರು ನಿಂತರೆ ಬೇರೇನೂ ಬೇಡವೆನಿಸುತ್ತದೆ. ನನ್ನ ಮಟ್ಟಿಗೆ ಈ ದಿನದ ಅತ್ಯುತ್ತಮ ಅರ್ಧ ಗಂಟೆ ಇದು.

ಎರಡನೇ ದಿನವಿದ್ದರೆ ಸಕಲೇಶಪುರದ ಕಡೆ. ಹಾಸನದಿಂದ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮಂಗಳೂರು ಹೆದ್ದಾರಿಯಲ್ಲಿ ಐದಾರು ಕಿಲೋಮೀಟರ್ ಮುಂದೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ 1792ರಲ್ಲಿ ಮುಗಿಸಿದ್ದು, ಎಂಟು ಮೂಲೆಯ ನಕ್ಷತ್ರ. ಸುಮಾರು 250 ಮೆಟ್ಟಿಲು, ಬಿಸಿಲೇರುವ ಮುಂಚೆ ಇಪ್ಪತ್ತು ನಿಮಿಷದ ಕೆಲಸ. ಹತ್ತಿದ ಮೇಲೆ ‘ನಕ್ಷತ್ರ ಎಲ್ಲಿ?’ ಎಂದು ಹುಡುಕುವವರು ಬಹಳ. ಫೋಟೋದಲ್ಲಿ ಕಾಣುವುದು ಆಕಾಶದಿಂದ ತೆಗೆದದ್ದು. ಗೋಡೆಯ ಮೇಲೆ ಒಂದು ಸುತ್ತು ಬಂದರೆ ಆಕಾರ ಕಾಲಿಗೆ ತಿಳಿಯುತ್ತದೆ: ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆಯ ಬುಡ ಪೂರ್ತಿ ಕಾಣುತ್ತದೆ. ಫಿರಂಗಿಯ ಕಾಲದ ಕೋಟೆಗೆ ಇದೇ ಜೀವ. ಯಾವ ಗೋಡೆಯ ಕೆಳಗೂ ವೈರಿ ಅಡಗಿ ಕೂರಲು ಜಾಗ ಉಳಿಯಬಾರದು. ನಡುವೆ ಮೆಟ್ಟಿಲಿಳಿಯುವ ನೀರಿನ ಕೊಳವಿದೆ. ಗೋಡೆಗೆ ತಡೆಕಂಬಿ ಇಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ.

ಅಲ್ಲಿಂದ ಮೂಡಿಗೆರೆ ದಾರಿ ಹಿಡಿದರೆ ಸ್ವಲ್ಪ ಒಳಗೆ ಅಂಗಡಿ ಎಂಬ ಹಳ್ಳಿ, ಹಳೆಯ ಸೊಸೆವೂರು. ಸುದತ್ತ ಮುನಿ ‘ಹೊಯ್ ಸಳ’ ಎಂದದ್ದು, ಸಳ ಹುಲಿಯನ್ನು ಹೊಡೆದದ್ದು ಇಲ್ಲೇ ಎನ್ನುತ್ತದೆ ಐತಿಹ್ಯ. ವಾಸಂತಿಕಾ ದೇವಿಯ ಗುಡಿ, ಪಾಳು ಬಸದಿಗಳು, ಕಾಫಿ ತೋಟದ ನೆರಳು. ನಿನ್ನೆ ಬೇಲೂರಿನ ಮೆಟ್ಟಿಲ ಪಕ್ಕ ಸಳ ಹುಲಿಯನ್ನು ತಿವಿಯುತ್ತಿದ್ದ ಮೂರ್ತಿ ನೋಡಿದ್ದರೆ ಈ ಹತ್ತು ಮನೆಯ ಊರಿನ ಮೌನಕ್ಕೆ ಬೇರೆ ತೂಕ ಬರುತ್ತದೆ. ಹಸಿದವರು ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿನ್ನಬಹುದು. ಚಾರ್ಮಾಡಿ ಘಾಟಿಯ ಬಾಯಲ್ಲಿರುವ ಊರು, ದೋಸೆಗೇ ಹೆಸರುವಾಸಿ.

ಹಾಸನದಲ್ಲೇ ಉಳಿದವರಿಗೆ ಬೇಸಿಗೆಯಲ್ಲಷ್ಟೇ ಪೂರ್ತಿ ಸಿಗುವ ಜಾಗ ಶೆಟ್ಟಿಹಳ್ಳಿಯ ಚರ್ಚು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಪ್ರತಿ ಮಳೆಗಾಲ ಮುಳುಗುತ್ತದೆ. ಜಲಾಶಯ ಇಳಿದಾಗ ಬುಡದವರೆಗೆ ನಡೆದೇ ಹೋಗಬಹುದು. ಆದರೆ ದಶಕಗಳಿಂದ ನೆನೆದು ಒಣಗಿ ಗಾರೆ ಸಡಿಲಾಗಿದೆ. ಕಮಾನಿನ ಕೆಳಗೆ ನಿಲ್ಲಬೇಡಿ, ಗೋಡೆ ಹತ್ತಬೇಡಿ. ಕೆರೆಯಂಗಳದ ಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ನೀರಂಚಿನಲ್ಲಿ ಒಳಗೆ ಕೆಸರು. ಕಾರನ್ನು ಅಲ್ಲಿಯವರೆಗೆ ಇಳಿಸಿದವರಿಗೆ ಕೊನೆಗೆ ಟ್ರ್ಯಾಕ್ಟರೇ ಗತಿ.

ಈ ಎಲ್ಲ ದಾರಿಗಳಲ್ಲೂ ಮಾರ್ಚ್, ಏಪ್ರಿಲ್‌ನಲ್ಲಿ ಹಣವಿಲ್ಲದೆ ಸಿಗುವ ದೊಡ್ಡ ನೋಟ ಕಾಫಿ ಹೂವು. ಹೂಮಳೆ, ಅಂದರೆ ಕಾಫಿ ಹೂವರಳಿಸುವ ಬೇಸಿಗೆಯ ಮಳೆ, ಒಂದಂಗುಲ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವಿಡೀ ಒಟ್ಟಿಗೆ ಅರಳುತ್ತದೆ. ಕಡ್ಡಿಯಂತಿದ್ದ ಮೊಗ್ಗು ಮೊದಲು ಹಸಿರು, ಆಮೇಲೆ ಮೇಣದ ಬಣ್ಣ, ಅರಳಿದ ಬೆಳಗ್ಗೆ ಕೊಂಬೆಗೆ ಹಿಟ್ಟು ಮೆತ್ತಿದ ಹಾಗೆ ಬಿಳಿ, ಮಲ್ಲಿಗೆಗೆ ಹತ್ತಿರದ ಪರಿಮಳ. ಮೂರನೇ ದಿನಕ್ಕೆ ಕಂದು. ರೋಬಸ್ಟಾ ಮೊದಲು, ಸ್ಪ್ರಿಂಕ್ಲರ್ ಇದ್ದ ಕಡೆ ಫೆಬ್ರವರಿಯಲ್ಲೇ, ಅರೇಬಿಕಾ ಆಮೇಲೆ. ಹಾಗಾಗಿ ಪತ್ರಿಕೆಯಲ್ಲಿ ಮೂಡಿಗೆರೆಗೆ ಮಳೆ ಎಂದು ಓದಿದ ದಿನದಿಂದ ಒಂಬತ್ತು ದಿನ ಎಣಿಸಿ ಹೊರಡಿ. ಬೇಲಿಯಾಚೆ ನಿಂತೇ ನೋಡಿ; ಹೂವಿನ ಮೇಲೆ ಕೈಯಾಡಿಸಿದರೆ ಉದುರುವುದು ಆ ಮನೆಯವರ ವರ್ಷದ ಫಸಲು.

ಬೆಂಕಿಯ ಮಾತು. ಹುಲ್ಲುಬೆಟ್ಟ ಒಣಗಿದ ಈ ತಿಂಗಳುಗಳಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು, ಹಿಂದಿನ ದಿನ ಕೇಳಿಕೊಳ್ಳಿ. ಬೀಡಿ, ಒಲೆ ಮಾತ್ರವಲ್ಲ, ಓಡಿ ಬಂದ ಕಾರನ್ನು ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ನಿಲ್ಲಿಸಿದರೂ ಕಾದ ಸೈಲೆನ್ಸರ್ ಸಾಕು.

ಉಣುಗಿನ ವಿಷಯವನ್ನು ಪ್ರವಾಸದ ಬರಹಗಳು ಬರೆಯುವುದೇ ಇಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಾದದ್ದು, ಮಲೆನಾಡಿನಲ್ಲಿ ಅದರ ಕಾಲ ಚಳಿಗಾಲದ ಕೊನೆಯಿಂದ ಮುಂಗಾರಿನವರೆಗೆ. ಹರಡುವ ಉಣುಗಿನ ಮರಿ ಎಳ್ಳಿನಷ್ಟು ಸಣ್ಣದು. ಕಾಡಂಚಿನ ಒಣ ಎಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಕಿವಿಯ ಹಿಂದೆ, ಕಂಕುಳು, ಮೊಣಕಾಲ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಜಜ್ಜಬೇಡಿ. ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಎಲ್ಲಿ ಸುತ್ತಿದ್ದಿರಿ ಎಂದು ಡಾಕ್ಟರಿಗೆ ನೀವೇ ಮೊದಲು ಹೇಳಿ, ಊರಿಗೆ ಹೋದ ಮೇಲೆ ಅವರಿಗೆ ಇದು ಹೊಳೆಯದಿರಬಹುದು.

ಇನ್ನು ಆನೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟದ ದಾರಿಗಳಲ್ಲಿ ಅವುಗಳ ಓಡಾಟ ಸಂಜೆಯಾದ ಮೇಲೆ, ಬೆಳಗಾಗುವ ಮುಂಚೆ. ಹಲಸು ಹಣ್ಣಾಗುವ ಮೇ ತಿಂಗಳಲ್ಲಿ ಇನ್ನೂ ಹೆಚ್ಚು. ಆರು ಗಂಟೆಯೊಳಗೆ ತೋಟದ ಸಣ್ಣ ರಸ್ತೆ ಬಿಟ್ಟು ಹೆದ್ದಾರಿ ಸೇರಿಕೊಳ್ಳಿ. ಗೂಗಲ್ ನಕ್ಷೆ ಎಂಟು ಕಿಲೋಮೀಟರ್ ಉಳಿಯುತ್ತದೆ ಎಂದು ತೋರಿಸುವ ಒಳದಾರಿಯನ್ನು ಸಂಜೆ ಹಿಡಿಯಬೇಡಿ. ಎದುರಿಗೆ ಆನೆ ನಿಂತಿದ್ದರೆ ಹಾರ್ನ್ ಬೇಡ, ಹೆಡ್‌ಲೈಟ್ ಮಿಟುಕಿಸುವುದು ಬೇಡ, ದೂರದಲ್ಲೇ ನಿಲ್ಲಿಸಿ ನಿಧಾನಕ್ಕೆ ಹಿಂದೆ ಸರಿಯಿರಿ. ಒಂದು ದಾಟಿತೆಂದು ಗಾಡಿ ಎತ್ತಬೇಡಿ, ಮರಿ ಹಿಂದಿರುತ್ತದೆ.